ರುಚಿ ನೋಡಿದವನ ಸಾಕ್ಷಿ



ಯಾರಾದರೂ ಒಂದು ಲೋಟ ಚಹಾ ಕೈಗಿತ್ತು "ಹೇಗುಂಟು?" ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ನಮ್ಮ ಕರಾವಳಿಯಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ: "ಲಾಯ್ಕುಂಟು." ಸಕ್ಕರೆ ಹೆಚ್ಚಾಗಿದ್ದರೂ ಲಾಯ್ಕುಂಟು, ಹಾಲು ತಳ ಹಿಡಿದಿದ್ದರೂ ಲಾಯ್ಕುಂಟು. ಈ ಮಾತನ್ನು ನಾವು ಸುಳ್ಳೆಂದು ಎಣಿಸುವುದಿಲ್ಲ. ಪಾಪನಿವೇದನೆಗೆ ಹೋಗುವ ಮುನ್ನ ಆತ್ಮಶೋಧನೆ ಮಾಡಿಕೊಳ್ಳುತ್ತಾ ಎಂಟನೆಯ ಆಜ್ಞೆಯ ಬಳಿಗೆ ಬಂದಾಗಲೂ ಇದು ನೆನಪಾಗುವುದಿಲ್ಲ. ಅರವತ್ತು ದಾಟುವವರೆಗೆ ನನಗೂ ನೆನಪಾಗಿರಲಿಲ್ಲ. ನೆನಪಾಗುವಂತೆ ಮಾಡಿದ್ದು ಒಂದು ಲೋಟ ಮಲ್ಲಿಗೆ ಚಹಾ.

ಎರಡು ವರ್ಷಗಳ ಹಿಂದೆ, ತೆನೆಹಬ್ಬ ಕಳೆದ ಭಾನುವಾರ, ನಮ್ಮ ಇಗರ್ಜಿಯ ಸಭಾಂಗಣದಲ್ಲಿ ಸ್ತ್ರೀ ಸಂಘಟನೆಯವರು ಚಹಾದ ಸ್ಪರ್ಧೆಯೊಂದನ್ನು ಇಟ್ಟಿದ್ದರು. ಬರಿಯ ಚಹಾ ಅಲ್ಲ. ಏನಾದರೊಂದು ಪರಿಮಳ ಸೇರಿಸಿದ ಚಹಾ, ಇಲ್ಲವೇ ಚಹಾ ಹಾಕಿ ಮಾಡಿದ ತಿಂಡಿ ಆಗಬೇಕು. ಹದಿನಾರು ಮಂದಿ ತಂದಿದ್ದರು. ಶುಂಠಿ, ಏಲಕ್ಕಿ, ಪುದೀನ, ನಿಂಬೆಹುಲ್ಲು, ದಾಲ್ಚಿನ್ನಿಯ ಚಹಾಗಳು. ಬ್ಯಾರಿ ನೆರೆಮನೆಯವರಿಂದ ಕಲಿತ ಸುಲೈಮಾನಿ. ತಿಂಡಿಯ ಮೇಜಿನ ಮೇಲೆ ಮಸಾಲ ಚಹಾದ ಬಿಸ್ಕತ್ತು, ಚಹಾದ ಹಲ್ವ (ಅದನ್ನು ಕತ್ತರಿಸಲು ಗಂಡಸರ ಬಲವೇ ಬೇಕಾಯಿತು), ಮತ್ತು ಒಂದು ಒಣದ್ರಾಕ್ಷಿ ಕೇಕು. ಐರ್ಲೆಂಡಿನಲ್ಲಿ ನರ್ಸ್ ಆಗಿರುವ ಮಗಳಿಂದ ಆ ತಾಯಿ ಕಲಿತದ್ದು. ಅಲ್ಲಿನ ಮನೆಗಳಲ್ಲಿ ದ್ರಾಕ್ಷಿಯನ್ನು ರಾತ್ರಿಯಿಡೀ ಕಪ್ಪು ಚಹಾದಲ್ಲಿ ನೆನೆಸಿ ಬಾರ್ಮ್‌ಬ್ರಾಕ್ ಎಂಬ ಸಿಹಿ ರೊಟ್ಟಿ ಮಾಡುತ್ತಾರಂತೆ. ಚಹಾ ದ್ರಾಕ್ಷಿಯ ಒಳಗೆ ಹೊಕ್ಕಿತ್ತು, ಹಿಟ್ಟು ಮೆತ್ತಗಿತ್ತು. ನನ್ನ ಮಟ್ಟಿಗೆ ಆ ದಿನದ ಅತ್ಯುತ್ತಮ ಪದಾರ್ಥ ಅದೇ. ಆದರೆ ಬಹುಮಾನ ಅದಕ್ಕೆ ಹೋಗಲಿಲ್ಲ.

ತೀರ್ಪು ಕೊಡಲು ಮೂವರಿದ್ದೆವು: ಕಾನ್ವೆಂಟಿನ ಸಿಸ್ಟರ್ ಒಬ್ಬರು, ಪಾಲನಾ ಮಂಡಳಿಯ ಸದಸ್ಯರೊಬ್ಬರು ಮತ್ತು ನಾನು. ಮೂವತ್ತು ವರ್ಷ ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದಿದವನು ನಾನು. ಕೆಂಪು ಶಾಯಿಗೆ ಹೆದರಿದವನಲ್ಲ. ಆದರೆ ಉತ್ತರಪತ್ರಿಕೆ ಕಣ್ಣೆದುರು ನಿಂತು ಮುಖ ನೋಡುವುದಿಲ್ಲ.

ಮಲ್ಲಿಗೆ ಚಹಾ ತಂದವರು ನಮ್ಮ ವಾಳೆಯವರೇ ಆದ ಒಬ್ಬ ತಾಯಿ. ಗಂಡ ತೀರಿಕೊಂಡ ಮೇಲೆ ನೂರು ಮಲ್ಲಿಗೆ ಗಿಡಗಳನ್ನು ನಂಬಿ ಇಬ್ಬರು ಮಕ್ಕಳನ್ನು ಓದಿಸುತ್ತಿರುವವರು. ಶಂಕರಪುರದ ಮಲ್ಲಿಗೆಯ ಲೆಕ್ಕ ಉಡುಪಿ ಕಡೆಯ ಓದುಗರಿಗೆ ಗೊತ್ತು: ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ, ಜಾತ್ರೆ ಇದ್ದಾಗ ಅಟ್ಟೆಯ ಬೆಲೆ ಏರುತ್ತದೆ, ಶುಭಕಾರ್ಯಗಳಿಲ್ಲದ ದಿನಗಳಲ್ಲಿ ಕೊಯ್ದು ಕಟ್ಟಿದ ಶ್ರಮಕ್ಕೂ ಸಾಲದಷ್ಟು ಇಳಿಯುತ್ತದೆ. ಬೆಲೆಯಿಲ್ಲದ ದಿನದ ಹೂವನ್ನು ಒಣಗಿಸಿ ಚಹಾಪುಡಿಯೊಂದಿಗೆ ಬೆರೆಸಿ ಪ್ಯಾಕೆಟ್ ಮಾಡಿದರೆ ಹೇಗೆ ಎಂಬುದು ಅವರ ಯೋಚನೆ. ಯೋಚನೆಯಲ್ಲಿ ತಪ್ಪಿರಲಿಲ್ಲ. ಚೀನಾದಲ್ಲಿ ಮಲ್ಲಿಗೆ ಚಹಾಕ್ಕೆ ಬಳಸುವುದೂ ನಮ್ಮ ಶಂಕರಪುರದ್ದೂ ಸಸ್ಯಶಾಸ್ತ್ರದಲ್ಲಿ ಒಂದೇ ಜಾತಿಯ ಮಲ್ಲಿಗೆ.

ಲೋಟ ಬಾಯಿಗೆ ಹತ್ತಿರ ತಂದಾಗಲೇ ನನ್ನ ಮೂಗಿಗೆ ಬಡಿದದ್ದು ಮಲ್ಲಿಗೆಯ ಪರಿಮಳವಲ್ಲ. ಮಳೆಗಾಲದಲ್ಲಿ ಒಣಗದ ಬಟ್ಟೆಯ ಮುಗ್ಗಲು ವಾಸನೆ, ಅದರ ಹಿಂದೆ ಸಣ್ಣಗೆ ಹೊಗೆ. ಒಂದು ಗುಟುಕು ಕುಡಿದೆ. ಕೊನೆಯಲ್ಲಿ ಕಹಿ ಉಳಿಯಿತು.

"ಹೇಗುಂಟು ಮಾಷ್ಟ್ರೇ?"

ಅವರ ಮುಖ ನೋಡಿದೆ. ಹಿಂದೆ ನಿಂತಿದ್ದ ಮಗಳ ಮುಖವನ್ನೂ ನೋಡಿದೆ. "ಭಾರೀ ಲಾಯ್ಕುಂಟು ಬಾಯಮ್ಮ, ಇದನ್ನು ಮಾರಬಹುದು" ಎಂದೆ. ಮೊದಲ ಬಹುಮಾನವೂ ಅವರಿಗೇ ಬಂತು. ಸಿಸ್ಟರ್ ಮತ್ತು ಆ ಸದಸ್ಯರು ಏನು ಯೋಚಿಸಿದರೋ ನಾನು ಕೇಳಿಲ್ಲ. ನನ್ನ ಅಂಕ ಹತ್ತಕ್ಕೆ ಒಂಬತ್ತು.

ಮನೆಗೆ ಬರುವಾಗ ನನಗೆ ಸಂತೋಷವೇ ಆಗಿತ್ತು. ಬಡ ವಿಧವೆಯೊಬ್ಬಳ ಮನಸ್ಸಿಗೆ ಧೈರ್ಯ ತುಂಬಿದೆ ಎಂಬ ಸಂತೋಷ.

ಅಕ್ಟೋಬರಿನಲ್ಲಿ ಅವರು ಸ್ವಸಹಾಯ ಸಂಘದಿಂದ ಸಾಲ ತೆಗೆದರು. ಚಹಾಪುಡಿ, ತೊಟ್ಟೆ, ಚೀಟಿ ಎಲ್ಲ ಸೇರಿ ಇನ್ನೂರು ಪ್ಯಾಕೆಟ್. ನವೆಂಬರ್ ಮುಗಿಯುವ ಹೊತ್ತಿಗೆ ಅಂಗಡಿಗಳಿಂದ ಪ್ಯಾಕೆಟ್‌ಗಳು ಮರಳಿ ಬಂದವು. ಒಳಗೆ ಬಿಳಿ ಬೂಷ್ಟು.

ಆ ಕ್ರಿಸ್ಮಸ್ ರಜೆಯಲ್ಲಿ ನಾವು ಕುನ್ನೂರಿಗೆ ಹೋಗಿದ್ದೆವು. ನನ್ನ ಹೆಂಡತಿಯ ಅಣ್ಣ ನೀಲಗಿರಿಯ ಚಹಾ ತೋಟದಲ್ಲಿ ದುಡಿದು ನಿವೃತ್ತರಾದವರು. ಒಂದು ಪ್ಯಾಕೆಟನ್ನು ನಾನು ಚೀಲದಲ್ಲಿಟ್ಟುಕೊಂಡಿದ್ದೆ. ಭಾವ ಅದನ್ನು ಕುದಿಸಲೂ ಇಲ್ಲ. ಅಂಗೈಗೆ ಸುರಿದು, ಬಾಯಿಂದ ಬಿಸಿ ಉಸಿರು ಬಿಟ್ಟು, ಮೂಸಿದರು. "ಹೂವು ಪೂರ್ತಿ ಒಣಗಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದ್ದಾರೆ, ಹೊಗೆ ಹಿಡಿದಿದೆ. ಪುಡಿ ಹಾಲು ಹಾಕಿ ಕುದಿಸುವಂಥದ್ದು, ಇದಕ್ಕೆ ಹೂವು ನಿಲ್ಲುವುದಿಲ್ಲ." ಅರ್ಧ ನಿಮಿಷದ ಮಾತು. ಅದರಲ್ಲಿ ಎರಡು ಸಂಗತಿ ಸೆಪ್ಟೆಂಬರಿನಲ್ಲೇ ನನ್ನ ಮೂಗಿಗೂ ತಿಳಿದಿತ್ತು.

ಅಂದು ರಾತ್ರಿ ಭಾವ ರುಚಿ ನೋಡುವವರ ಕೆಲಸದ ಬಗ್ಗೆ ಬಹಳ ಹೊತ್ತು ಹೇಳಿದರು. ಅದನ್ನು ನಿಮಗೂ ತಿಳಿಸಬೇಕು.

ಕುನ್ನೂರಿನಲ್ಲಿ 1963ರಿಂದ ಚಹಾ ಹರಾಜು ನಡೆಯುತ್ತಿದೆ. ಹರಾಜಿಗೆ ಮುನ್ನ ಪ್ರತಿಯೊಂದು ರಾಶಿಯ ಮಾದರಿಯನ್ನೂ ರುಚಿ ನೋಡಿ ಬೆಲೆ ಅಂದಾಜು ಮಾಡುತ್ತಾರೆ. ಉದ್ದನೆಯ ಮೇಜಿನ ಮೇಲೆ ಬಿಳಿಯ ಪಿಂಗಾಣಿ ಬಟ್ಟಲುಗಳ ಸಾಲು. ಎಲ್ಲಕ್ಕೂ ಒಂದೇ ತೂಕದ ಚಹಾ, ಒಂದೇ ಅಳತೆಯ ಕುದಿಯುವ ನೀರು, ಒಂದೇ ಸಮಯ. ಇದಕ್ಕೆ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನದಂಡವೇ ಇದೆ: 100 ಮಿಲಿಲೀಟರ್ ನೀರಿಗೆ 2 ಗ್ರಾಂ ಚಹಾ, 6 ನಿಮಿಷ. ಆರು ನಿಮಿಷ ಕುದಿನೀರಿನಲ್ಲಿಟ್ಟ ಚಹಾ ಮನೆಯಲ್ಲಿ ಯಾರಿಗೂ ಹಿಡಿಸಲಾರದು. ಅದು ಕುಡಿಯುವವನ ಸುಖಕ್ಕಾಗಿ ಮಾಡಿದ ಕ್ರಮವಲ್ಲ; ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡಲು, ಗುಣವೂ ದೋಷವೂ ಅಡಗದೆ ಹೊರಬರಲು ಮಾಡಿದ್ದು. ಸಕ್ಕರೆ ಹಾಕುವುದಿಲ್ಲ. ಸಕ್ಕರೆ ಬಿದ್ದ ಮೇಲೆ ಎಲ್ಲ ಚಹಾವೂ ಸುಮಾರಾಗಿ ಒಂದೇ.

ರುಚಿ ನೋಡುವವರು ಚಮಚದಿಂದ ಸೊರ್ರೆಂದು ಎಳೆದು, ಬಾಯಿಯಲ್ಲೆಲ್ಲ ಆಡಿಸಿ, ಉಗುಳುತ್ತಾರೆ. ಮೊದಲ ಸಲ ನೋಡಿದವರಿಗೆ ತಿರಸ್ಕಾರದಂತೆ ಕಾಣುತ್ತದೆ. ದಿನಕ್ಕೆ ನೂರಾರು ಬಟ್ಟಲು ನೋಡಬೇಕಾದವರು ನುಂಗಿದರೆ ಬದುಕುವುದು ಹೇಗೆ? ಕೊನೆಯ ಬಟ್ಟಲಿಗೂ ಮೊದಲನೆಯದಕ್ಕೆ ಸಿಕ್ಕಿದ ನ್ಯಾಯವೇ ಸಿಗಲಿ ಎಂದು ಉಗುಳುತ್ತಾರೆ.

ನನಗೆ ಹೆಚ್ಚು ಹಿಡಿಸಿದ್ದು ಅವರ ಮಾತಿನ ಕ್ರಮ. ಚಹಾ ಚೆನ್ನಾಗಿಲ್ಲ ಎಂದಷ್ಟೇ ಹೇಳಿದರೆ ಅವರ ಲೆಕ್ಕದಲ್ಲಿ ಏನೂ ಹೇಳಿದಂತಾಗಲಿಲ್ಲವಂತೆ. "ಸ್ಮೋಕಿ" ಎಂದರೆ ಒಣಗಿಸುವ ಯಂತ್ರದಲ್ಲಿ ಎಲ್ಲೋ ಹೊಗೆ ಸೋರುತ್ತಿದೆ ಎಂದು ಕಾರ್ಖಾನೆಯವನಿಗೆ ಗೊತ್ತಾಗುತ್ತದೆ. "ಬೇಕಿ" ಎಂದರೆ ಉರಿ ಹೆಚ್ಚಾಯಿತು. "ಸ್ಟ್ಯೂಡ್" ಎಂದರೆ ಉರಿ ಸಾಲದೆ ಎಲೆ ಬೆಂದಂತಾಯಿತು. ದೋಷದ ಹೆಸರಿನಲ್ಲೇ ಅದು ಹುಟ್ಟಿದ ಜಾಗವೂ ಇರುತ್ತದೆ. ಆ ಮಾತು ಕೇಳಿದವನು ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ತಿಳಿಯುತ್ತಾನೆ.

ಇನ್ನೊಂದು ಸಂಗತಿ. ನೀಲಗಿರಿಯಲ್ಲಿ ಸಣ್ಣ ಬೆಳೆಗಾರರು ಬಹಳ. ಅವರು ಹಸಿ ಎಲೆಯನ್ನು ಕಾರ್ಖಾನೆಗಳಿಗೆ ಮಾರುತ್ತಾರೆ. ಆ ಎಲೆಗೆ ಚಹಾ ಮಂಡಳಿ ಗೊತ್ತುಮಾಡುವ ಕನಿಷ್ಠ ಬೆಲೆ ಹರಾಜಿನಲ್ಲಿ ಸಿಕ್ಕಿದ ಸರಾಸರಿ ಬೆಲೆಯನ್ನು ಅನುಸರಿಸುತ್ತದೆ. ಬಟ್ಟಲಿನ ಮುಂದೆ ನಿಂತವನ ನಾಲಿಗೆಯ ಮಾತು ಬೆಟ್ಟದ ಇಳಿಜಾರಿನಲ್ಲಿ ಎಲೆ ಕೀಳುವ ಕೈಯವರೆಗೆ ಇಳಿಯುತ್ತದೆ. ದಾಕ್ಷಿಣ್ಯಕ್ಕೆ ಒಂದು ರಾಶಿಯನ್ನು ಹೊಗಳಿದರೆ ಕೊಂಡವನು ಕೈ ಸುಟ್ಟುಕೊಳ್ಳುತ್ತಾನೆ, ಮುಂದಿನ ಸಲ ಆ ಕಾರ್ಖಾನೆಯ ಕಡೆ ತಿರುಗಿಯೂ ನೋಡುವುದಿಲ್ಲ. ಹೊಗಳಿದವನಿಗೆ ಏನೂ ಆಗುವುದಿಲ್ಲ.

ಹಾಗೆ ಏನೂ ಆಗದವನು ನಾನು. ಬಾಯಮ್ಮನ ಮನೆಯಲ್ಲಿ ಇನ್ನೂರು ಪ್ಯಾಕೆಟ್ ಬೂಷ್ಟು ಹಿಡಿದಾಗ ನನ್ನ ಮನೆಯಲ್ಲಿ ಕುಸ್ವಾರಿನ ತಯಾರಿ ನಡೆದಿತ್ತು.

ನೀವು ಕೇಳಬಹುದು: ಮಾಷ್ಟ್ರೇ, ಅಷ್ಟಕ್ಕೇ ಇಷ್ಟು ದೊಡ್ಡ ಮಾತೇ? ಒಳ್ಳೆಯ ಮನಸ್ಸಿನಿಂದ ಹೇಳಿದಿರಿ. ಒಂದು ಸಣ್ಣ ಹೊಗಳಿಕೆಯೂ ಪಾಪವಾದರೆ ಸಮಾಜದಲ್ಲಿ ಬದುಕುವುದು ಹೇಗೆ?

ನ್ಯಾಯವಾದ ಪ್ರಶ್ನೆ. ಸಂತ ತೋಮಸ್ ಅಕ್ವಿನಾಸರು (1225–1274) ತಮ್ಮ ಸುಮ್ಮಾ ಥಿಯೊಲೊಜಿಯಾದಲ್ಲಿ ಇದನ್ನು ಎತ್ತಿಕೊಂಡಿದ್ದಾರೆ. ಸ್ನೇಹಭಾವದಿಂದ, ಹಿತವಾಗಿ ನಡೆದುಕೊಳ್ಳುವುದೂ ಒಂದು ಸದ್ಗುಣವೇ ಎನ್ನುತ್ತಾರೆ ಅವರು. ಸತ್ಯವಿಲ್ಲದೆ ಜನ ಒಟ್ಟಿಗೆ ಬಾಳಲಾರರು, ಹಾಗೆಯೇ ಸಂತೋಷವಿಲ್ಲದೆಯೂ ಬಾಳಲಾರರು. ಎರಡನ್ನೂ ನಾವು ಒಬ್ಬರಿಗೊಬ್ಬರು ಸಲ್ಲಿಸಬೇಕಾದ ಸಾಲದಂತೆ ಕಾಣುತ್ತಾರೆ. ಈ ಸದ್ಗುಣ ಮಿತಿಮೀರಿದರೆ ಮುಖಸ್ತುತಿ, ಇಲ್ಲದೇ ಹೋದರೆ ಜಗಳಗಂಟತನ. ಕೇವಲ ಮೆಚ್ಚಿಸಲು ಆಡಿದ ಮುಖಸ್ತುತಿ ಲಘು ಪಾಪವೆಂದು 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶವೂ ಹೇಳುತ್ತದೆ (ಸಂಖ್ಯೆ 2480). ಲಘು ಎಂಬ ಪದ ಓದಿ ನಾನು ಸ್ವಲ್ಪ ನಿರಾಳನಾದೆ ಎಂದು ಒಪ್ಪಿಕೊಳ್ಳಬೇಕು. ಆದರೆ ಅದೇ ಗ್ರಂಥ ಮುಂದೆ, ಸತ್ಯದ ವಿರುದ್ಧ ಮಾಡಿದ ಅಪರಾಧಕ್ಕೆ ಕ್ಷಮೆ ಸಿಕ್ಕ ಮೇಲೂ ಆದ ನಷ್ಟವನ್ನು ತುಂಬಿಕೊಡುವ ಕರ್ತವ್ಯ ಉಳಿಯುತ್ತದೆ ಎಂದು ಹೇಳುತ್ತದೆ (ಸಂಖ್ಯೆ 2487). ಅಲ್ಲಿ ನಿರಾಳ ಮುಗಿಯಿತು.

ಜಗಳಗಂಟತನದ ಮಾತು ಬಂದದ್ದರಿಂದ ಒಂದು ಮಾತು. "ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುವವನು" ಎಂದು ಎದೆ ತಟ್ಟಿಕೊಳ್ಳುವವರು ಪ್ರತಿ ಧರ್ಮಕೇಂದ್ರದಲ್ಲೂ ಇಬ್ಬರು ಮೂವರು ಇರುತ್ತಾರೆ. ಅವರ ಪರವಾಗಿ ನಾನು ಇದನ್ನು ಬರೆಯುತ್ತಿಲ್ಲ. "ಥೂ, ಇದೆಂಥ ಚಾ!" ಎನ್ನುವವನೂ ದೋಷದ ಜಾಗ ತೋರಿಸುವುದಿಲ್ಲ. ಅವನು ಹೇಳಿದ್ದು ಚಹಾದ ಬಗ್ಗೆಯೂ ಅಲ್ಲ, ತನ್ನ ನಾಲಿಗೆಯ ದೊಡ್ಡಸ್ತಿಕೆಯ ಬಗ್ಗೆ.

ಆದರೆ ನಿಜವಾದ ತೊಡಕು ಬೇರೆಲ್ಲೋ ಇದೆ ಎಂದು ನನಗೆ ಅನ್ನಿಸುತ್ತದೆ. ಅದು ನಮ್ಮ ಮನೆಯಲ್ಲೇ ನನಗೆ ಎದುರಾಗಿತ್ತು. ನನ್ನ ತಾಯಿ ಕೊನೆಯ ವರ್ಷಗಳಲ್ಲಿ ಮರೆವಿನಿಂದ ಬಳಲುತ್ತಿದ್ದರು. ಒಂದು ಸಂಜೆ ಯಾರಿಗೂ ಹೇಳದೆ ಒಲೆಯ ಬಳಿ ಹೋಗಿ ನನಗೆ ಏಲಕ್ಕಿ ಚಹಾ ಮಾಡಿ ತಂದರು. ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. "ಹೇಗುಂಟು ಮಗಾ?" ಎಂದರು. ನಾನು ಪೂರ್ತಿ ಕುಡಿದು, "ಅಮ್ಮಾ, ನಿಮ್ಮ ಕೈಯ ಚಾ ಕುಡಿಯದೆ ಎಷ್ಟು ದಿನವಾಗಿತ್ತು" ಎಂದೆ. ಅವರು ನಕ್ಕರು. ನನ್ನ ಹೆಂಡತಿ ಮರುದಿನ ಉಪ್ಪಿನ ಡಬ್ಬಿಯನ್ನು ಮೇಲಿನ ಹಲಗೆಗೆ ಏರಿಸಿದಳು.

ನಾನು ಅಂದು ಸುಳ್ಳು ಹೇಳಲಿಲ್ಲ. ಆದರೂ ನುಣುಚಿಕೊಂಡೆನೇ ಎಂದು ಆಗಾಗ ಕೇಳಿಕೊಂಡಿದ್ದೇನೆ. ಯಾವ ಸುಳ್ಳನ್ನೂ ಒಪ್ಪದ ಸಂತ ಅಗಸ್ಟೀನರು ನನ್ನ ಉತ್ತರಕ್ಕೆ ಹುಬ್ಬು ಗಂಟಿಕ್ಕುತ್ತಿದ್ದರೋ ಏನೋ. ಆದರೆ ಅಮ್ಮ ಕೇಳಿದ್ದು ಚಹಾದ ವಿಷಯವನ್ನಲ್ಲ. ಈ ಮನೆಯ ಅಡುಗೆಮನೆಯಲ್ಲಿ ನನಗೆ ಇನ್ನೂ ಜಾಗ ಉಂಟಾ ಎಂದು ಕೇಳಿದರು. ಅದಕ್ಕೆ ನಾನು ಕೊಟ್ಟ ಉತ್ತರ ಸತ್ಯವಾಗಿತ್ತು. ಉಪ್ಪಿನ ವಿಷಯ ತಿಳಿದು ಅವರಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ತಿಳಿಯದೆ ನಷ್ಟವೂ ಆಗಲಿಲ್ಲ.

ಬಾಯಮ್ಮ ಕೇಳಿದ ಪ್ರಶ್ನೆಯಲ್ಲಿ ಇದ್ದ ಪದಗಳೂ ಅವೇ. ಆದರೆ ಅವರು ಕೇಳಿದ್ದು ಚಹಾವನ್ನೇ. ನನ್ನ ಮಾತಿನ ಮೇಲೆ ಹಣ ಹೂಡಲು ಕೇಳಿದರು, ಮಕ್ಕಳ ಶಾಲೆಯ ಶುಲ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದರು. ಸತ್ಯವನ್ನು ತಿಳಿಯುವ ಹಕ್ಕು ಅವರಿಗಿತ್ತು. ನಾನು ಅಮ್ಮನಿಗೆ ಕೊಡಬೇಕಾದ ಉತ್ತರವನ್ನು ಅವರಿಗೆ ಕೊಟ್ಟೆ. ಇನ್ನೂ ನಿಜ ಹೇಳಬೇಕೆಂದರೆ ಅವರಿಗಾಗಿಯೂ ಕೊಡಲಿಲ್ಲ. ಅವರ ಮುಖ ಬಾಡುವುದನ್ನು ನಾನು ನೋಡಬೇಕಾದೀತೆಂಬ ಅಂಜಿಕೆಯಿಂದ ಕೊಟ್ಟೆ. ದಯೆ ಎಂದು ನಾನು ಮನೆಗೆ ಹೊತ್ತು ತಂದ ಸಂತೋಷ ಅದು.

ಶುಭಸಂದೇಶದಲ್ಲಿ ರುಚಿ ನೋಡಿದವನೊಬ್ಬನ ಕಥೆ ಇದೆ. ಕಾನಾ ಊರಿನ ಮದುವೆಯ ಪ್ರಸಂಗದಲ್ಲಿ ನಮ್ಮ ಗಮನವೆಲ್ಲ ಮಾತೆ ಮರಿಯಮ್ಮನವರ ಮೇಲೆ, ಪ್ರಭು ಯೇಸುವಿನ ಮೇಲೆ, ಆರು ಕಲ್ಲಿನ ಬಾನೆಗಳ ಮೇಲೆ ಇರುತ್ತದೆ. ಔತಣದ ಮೇಲ್ವಿಚಾರಕನನ್ನು ಮರೆತುಬಿಡುತ್ತೇವೆ (ಯೊವಾನ್ನ 2:9-10). ಸೇವಕರು ತಂದುಕೊಟ್ಟದ್ದನ್ನು ಅವನು ರುಚಿ ನೋಡಿದ. ಅದು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಿರಲಿಲ್ಲ. ನೀರು ತೋಡಿದವರಿಗೆ ಗೊತ್ತಿತ್ತು. ಯಾರು ಕೊಟ್ಟರೆಂದು ತಿಳಿಯದೆ, ಬಟ್ಟಲಿನಲ್ಲಿ ಇದ್ದದ್ದನ್ನಷ್ಟೇ ನೋಡಿ, ಇದು ಮೊದಲಿನದಕ್ಕಿಂತ ಮೇಲು ಎಂದ. ಅವನ ಮಾತಿನಲ್ಲಿ ಒಂದು ಸಣ್ಣ ಆಕ್ಷೇಪವೂ ಇತ್ತು: ಅತಿಥಿಗಳ ನಾಲಿಗೆ ಮಂದವಾದ ಮೇಲೆ ಕೀಳು ದ್ರಾಕ್ಷಾರಸ ಹೊರತರುವ ಲೋಕದ ರೂಢಿಯ ಬಗ್ಗೆ. ಹೊಗಳಿಕೆಯನ್ನು ಅವನು ತಪ್ಪು ವ್ಯಕ್ತಿಗೆ, ಮದುಮಗನಿಗೆ, ಸಲ್ಲಿಸಿದ. ಆದರೂ ಅವನ ಸಾಕ್ಷಿ ಸುಳ್ಳಾಗಲಿಲ್ಲ. ಎಲ್ಲ ಬಟ್ಟಲಿಗೂ ಲಾಯ್ಕುಂಟು ಎನ್ನುವವನಾಗಿದ್ದರೆ ಅವನ ಮಾತನ್ನು ಯೊವಾನ್ನರು ಬರೆದಿಡುವ ಅಗತ್ಯವೇನಿತ್ತು? ನಾನು ಎಲ್ಲವನ್ನೂ ಹೊಗಳಿದ ಆ ಭಾನುವಾರ, ಮಗಳು ಹೇಳಿಕೊಟ್ಟಂತೆ ದ್ರಾಕ್ಷಿ ನೆನೆಸಿ ಕೇಕು ಮಾಡಿದ ತಾಯಿಗೂ ನನ್ನ ಮೆಚ್ಚುಗೆ ತಲುಪಲಿಲ್ಲ. ಎಲ್ಲರಿಗೂ ಸಿಕ್ಕಿದ್ದೇ ಆಕೆಗೂ ಸಿಕ್ಕಿತು.

ಹೊಸ ವರ್ಷದ ಮೊದಲ ವಾರ ನಾನು ಬಾಯಮ್ಮನ ಮನೆಗೆ ಹೋದೆ. ಹೋಗುವ ಮೊದಲು ಪಾಪನಿವೇದನೆ ಮಾಡಿದ್ದೆ, ಗುರುಗಳು ಪ್ರಾಯಶ್ಚಿತ್ತದ ಪ್ರಾರ್ಥನೆಯೊಂದಿಗೆ, "ಅವರಿಗೆ ಹೇಳಿದಿರಾ?" ಎಂದು ಒಂದೇ ಮಾತು ಕೇಳಿದ್ದರು. ಅಂಗಳದಲ್ಲಿ ಅವರು ಮೊಗ್ಗು ಕಟ್ಟುತ್ತಾ ಕುಳಿತಿದ್ದರು. ಬಾಳೆನಾರು, ಮಡಿಲಲ್ಲಿ ಮೊಗ್ಗಿನ ರಾಶಿ. ನಾನು ಹೇಳಿದೆ. ಅಂದೇ ನನಗೆ ಮುಗ್ಗಲು ವಾಸನೆ ಬಂದಿತ್ತು, ಹೊಗೆಯೂ ತಿಳಿದಿತ್ತು, ಹೇಳಲಿಲ್ಲ ಎಂದೆ.

ಅವರ ಬೆರಳು ನಿಂತಿತು. ಸ್ವಲ್ಪ ಹೊತ್ತಿನ ಬಳಿಕ ಮತ್ತೆ ಓಡತೊಡಗಿತು.

"ಆವತ್ತು ಹೇಳಿದ್ದರೆ ನನಗೆ ಬೇಸರ ಆಗುತ್ತಿತ್ತು ಮಾಷ್ಟ್ರೇ" ಎಂದರು. "ಈಗ ಸಾಲ ಉಂಟು."

ಸಾಲದ ಪೂರ್ತಿ ಹಣವನ್ನು ನಾನು ಕೊಡುವೆನೆಂದಾಗ ಅವರು ಒಪ್ಪಲಿಲ್ಲ. ಕೊನೆಗೆ ಅರ್ಧಕ್ಕೆ ಒಪ್ಪಿದರು. ತಪ್ಪು ಇಬ್ಬರದ್ದೂ ಎಂದರು. ಅವರ ತಪ್ಪೇನೆಂದು ನನಗೆ ಇನ್ನೂ ತಿಳಿದಿಲ್ಲ, ನನ್ನನ್ನು ನಂಬಿದ್ದರ ಹೊರತು.

ಭಾವ ಹೇಳಿಕೊಟ್ಟ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟುಬಂದೆ. ಚೀನಾದ ಫೂಜೌ ನಗರದಲ್ಲಿ ಮಲ್ಲಿಗೆ ಚಹಾ ಮಾಡುವವರು ಒಣ ಹೂವನ್ನು ಬೆರೆಸಿ ಪರಿಮಳ ತರಿಸುವುದಿಲ್ಲ. ಚಹಾದೆಲೆಗೆ ಸುತ್ತಲಿನ ವಾಸನೆಯನ್ನು ಹೀರುವ ಗುಣವಿದೆ. ಅದು ಬೆಳ್ಳುಳ್ಳಿಯನ್ನೂ ಹೀರುತ್ತದೆ, ಒಲೆಯ ಹೊಗೆಯನ್ನೂ ಹೀರುತ್ತದೆ, ಮಲ್ಲಿಗೆಯನ್ನೂ ಹೀರುತ್ತದೆ. ಹಗಲು ಕೊಯ್ದ ಮೊಗ್ಗು ರಾತ್ರಿ ಬಿರಿಯುವ ಹೊತ್ತಿಗೆ ಅದನ್ನು ಎಲೆಯ ಜೊತೆ ಹರಡಿ ಇಡುತ್ತಾರೆ. ಬೆಳಿಗ್ಗೆ ಹೂವನ್ನು ತೆಗೆದು, ಎಲೆಗೆ ಸೇರಿದ ತೇವವನ್ನು ಮತ್ತೆ ಒಣಗಿಸುತ್ತಾರೆ. ಮರುದಿನ ಹೊಸ ಹೂವು. ಒಳ್ಳೆಯ ಚಹಾಕ್ಕೆ ಹೀಗೆ ಹಲವು ರಾತ್ರಿಗಳು ಬೇಕು.

ಕಳೆದ ತೆನೆಹಬ್ಬಕ್ಕೆ ಮೊದಲು ಅವರ ಮಗಳು ನಮ್ಮ ಮನೆಗೆ ಬಂದು, ಅಮ್ಮ ಕರೆಯುತ್ತಾರೆ ಎಂದಳು. ಹೋದೆ. ನೀಲಗಿರಿಯ ಹಸಿರು ಚಹಾ ತರಿಸಿ, ಮೂರು ರಾತ್ರಿ ಹೂವು ಹಾಕಿದ್ದರಂತೆ. ಲೋಟದಲ್ಲಿ ಹಾಲಿರಲಿಲ್ಲ, ಸಕ್ಕರೆ ಇರಲಿಲ್ಲ. ಈ ಸಲ "ಹೇಗುಂಟು?" ಎಂದು ಅವರು ಕೇಳಲಿಲ್ಲ. ಮಗಳ ಶಾಲೆಯ ನೋಟ್‌ಬುಕ್ಕು ಮತ್ತು ಪೆನ್ಸಿಲು ಹಿಡಿದು ಎದುರು ಕುಳಿತರು.

ನಾನು ಮೂಸಿದೆ. ಒಂದು ಗುಟುಕು ಬಾಯಿಯಲ್ಲಿ ಆಡಿಸಿದೆ. ನುಂಗಿದೆ, ಉಗುಳುವಷ್ಟು ಧೈರ್ಯ ಇನ್ನೂ ಬಂದಿಲ್ಲ.

"ಮಲ್ಲಿಗೆ ಬಂದಿದೆ" ಎಂದೆ. "ಹೊಗೆ ಇಲ್ಲ. ಮುಗ್ಗಲು ಇಲ್ಲ. ಆದರೆ ಕೊನೆಯಲ್ಲಿ ಕಹಿ ನಿಲ್ಲುತ್ತದೆ. ನೀರು ಕೊತಕೊತ ಕುದಿಯುವಾಗಲೇ ಎಲೆ ಹಾಕಿದಿರಾ?"

"ಹೌದು."

"ಹಸಿರು ಚಹಾಕ್ಕೆ ಅಷ್ಟು ಬಿಸಿ ಬೇಡ. ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಮೇಲೆ ಹಾಕಿ ನೋಡಿ."

ಅವರ ಮುಖ ಒಂದು ಕ್ಷಣ ಬಾಡಿತು. ನಾನು ಅದನ್ನು ನೋಡಿದೆ. ಆಮೇಲೆ ಅವರು ತಲೆ ತಗ್ಗಿಸಿ ಬರೆದುಕೊಂಡರು.